ಆಗಲಿ

ಮೃಣಾಲಿನಿಯ ಕೊರಳಿಗೆ ಸುತ್ತಿದ್ದ ನೀಲಿ ಸ್ಕಾರ್ಫನ್ನು ಗೋಪಾಲಕೃಷ್ಣ ಬಿಚ್ಚುತ್ತಿದ್ದರು. ಗಂಟು ಬಿಡುತ್ತಿರಲಿಲ್ಲ. ಉಗುರು ತೂರಿಸಿದರು, ಎಳೆದರು, ಹಲ್ಲಿನಿಂದ ಕಚ್ಚೋಣವೆಂದು ಬಗ್ಗಿದವರು ಸುತ್ತಲಿನ ಜನದ ನೆನಪಾಗಿ ನೆಟ್ಟಗಾದರು. ವಿಜಯವಾಡದಿಂದ ವ್ಯಾನು ಮಾಡಿಕೊಂಡು ಬಂದಿದ್ದ ಹೆಂಗಸರು ಹಾಲಿನ ಗೋಡೆಯುದ್ದಕ್ಕೂ ನಿಂತು ನೋಡುತ್ತಿದ್ದರು. ಎಲ್ಲರ ಕೈಯೂ ಬೆನ್ನ ಹಿಂದೆ. ಒಬ್ಬಳಾದರೂ ಮುಂದೆ ಬಂದು ಸಹಾಯ ಮಾಡಬಾರದೇ? ಪರೀಕ್ಷೆ ನಡೆಯುವಾಗ ಮೇಷ್ಟ್ರು ನಿಂತ ಹಾಗೆ ನಿಂತಿದ್ದರು.

ಮುತ್ತೈದೆ ಸಾವು, ಹಸಿರು ಸೀರೆ ಉಡಿಸಿ ಹೂ ಮುಡಿಸಿ ಎಂದು ಪಕ್ಕದ ಫ್ಲಾಟಿನ ಸೂರ್ಯಕಾಂತಮ್ಮನಿಗೆ ಹೇಳಿ ಅವರು ಫೋನು ಹಿಡಿದು ಬಾಲ್ಕನಿಗೆ ಹೋಗಿದ್ದರು. ಗುಬ್ಬಿಯಿಂದ ಹೊರಟ ನೆಂಟರು ನೇರ ಸ್ಮಶಾನಕ್ಕೇ ಬರುತ್ತೇವೆ ಎಂದಿದ್ದರು. ಮಾತು ಮುಗಿಸಿ ಒಳಗೆ ಬರುವಷ್ಟರಲ್ಲಿ ಮಲ್ಲಿಗೆ ಹಾರದ ಮೇಲೆ ಈ ಹೆಂಗಸರು ತಂದ ಕ್ಯಾಂಪಿನ ಸ್ಕಾರ್ಫು ಕೂತಿತ್ತು.

ಕೊನೆಗೂ ಗಂಟು ಬಿಟ್ಟಿತು. ಸ್ಕಾರ್ಫನ್ನು ಮಡಚಿ ಕನಕಲಕ್ಷ್ಮಿಯ ಕೈಗಿಟ್ಟರು.

"ಇದು ನಿಮ್ದು. ನೀವೇ ಇಟ್ಕೊಳ್ಳಿ."

ತೆಲುಗು ಬಂದರೂ ಕನ್ನಡದಲ್ಲೇ ಅಂದರು. ಅವಳಿಗೆ ಮಾತು ತಿಳಿಯಲಿಲ್ಲ, ಮುಖ ತಿಳಿಯಿತು.

ಕನಕಲಕ್ಷ್ಮಿ ವಿಜಯವಾಡದ ಭವಾನಿಪುರಂನಲ್ಲಿ ಶಾಲೆಯ ಟೀಚರು. ಮೃಣಾಲಿನಿಯನ್ನು ಬ್ಯಾಂಕು ವಿಜಯವಾಡಕ್ಕೆ ವರ್ಗ ಮಾಡಿದ ಕಾಲದಲ್ಲಿ ಅವಳ ಕೈಕೆಳಗೆ ಕಲಿತ ಮೊದಲ ತಂಡದವಳು. ಮಕ್ಕಳನ್ನು ಬೆಟ್ಟಕ್ಕೆ, ಹೊಳೆದಂಡೆಗೆ ಕರೆದೊಯ್ದು ನಾಲ್ಕು ದಿನ ಬಯಲಲ್ಲಿ ಇರಿಸಿ ತರುವ ಕೆಲಸಕ್ಕೆ ಸಂಬಳವಿಲ್ಲದೆ ಬರುವ ದೊಡ್ಡವರಿಗೆ ಮೃಣಾಲಿನಿ ತರಬೇತಿ ಕೊಡುತ್ತಿದ್ದಳು. ಡೇರೆ ಹಾಕುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಯಾರಾದರೂ ಕಲಿತಾರು, ಮಗು ಒಲೆ ಹಚ್ಚಲು ಒದ್ದಾಡುವಾಗ ಕೈ ಕಟ್ಟಿ ನೋಡುವುದೇ ಕಷ್ಟದ ವಿದ್ಯೆ ಅನ್ನುತ್ತಿದ್ದಳಂತೆ. ಇದನ್ನೂ ಗೋಪಾಲಕೃಷ್ಣ ಬೇರೆಯವರ ಬಾಯಿಂದಲೇ ಕೇಳಿದ್ದು. ಮನೆಯಲ್ಲಿ ಆ ವಿದ್ಯೆಯ ಸುಳಿವೇ ಇರಲಿಲ್ಲ. ಅವರು ಈರುಳ್ಳಿ ಹೆಚ್ಚಲು ಕೂತರೆ ಎರಡನೆಯ ಹೋಳಿಗೇ "ಇತ್ತ ಕೊಡಿ" ಎಂದು ಚಾಕು ಕಿತ್ತುಕೊಳ್ಳುತ್ತಿದ್ದಳು. ಪರವಾಡದ ಔಷಧಿ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಕಂಪನಿ ಬಸ್ಸಿನಲ್ಲಿ ಬಂದವರು ಶೂ ಲೇಸು ಬಿಚ್ಚುವುದು ತಡವಾದರೂ ಅವಳೇ ಬಗ್ಗಿಬಿಡುವಳು.

ಅವರ ಅಜ್ಜಿ ಒಂದು ಹಸುವಿನ ಕತೆ ಹೇಳುತ್ತಿದ್ದಳು. ಹುಲ್ಲು ಹಾಕಿ ಮೈ ತೊಳೆದ ಒಡೆಯ ಚೆಂಬು ಹಿಡಿದು ಕೂತರೆ ಒದೆಯುತ್ತಿತ್ತಂತೆ. ನೆರೆಮನೆಯವಳು ಬಂದು ಬೆನ್ನು ಸವರಿದರೆ ಚೆಂಬು ತುಂಬಾ ನೊರೆಹಾಲು. ಒಡೆಯ ಹಸುವನ್ನೂ ಮಾರಲಿಲ್ಲ, ನೆರೆಮನೆಯವಳನ್ನೂ ಬಯ್ಯಲಿಲ್ಲ, ಒಳಗೊಳಗೇ ಒಣಗಿದ. ಇಷ್ಟು ವರ್ಷವಾದ ಮೇಲೆ ಆ ಒಡೆಯನ ಸಂಕಟ ಗೋಪಾಲಕೃಷ್ಣರಿಗೆ ಚೆನ್ನಾಗಿ ಅರ್ಥವಾಗಿತ್ತು.

ಮಗ ವರುಣ್ ಹತ್ತಿರ ಬಂದ. ವಿಶಾಖಪಟ್ಟಣದಲ್ಲೇ ಬೆಳೆದವನು. ಕನ್ನಡವೆಂದರೆ ಅವನಿಗೆ ಊಟ, ನಿದ್ದೆ, ಅಪ್ಪ, ಅಮ್ಮ, ಅಷ್ಟೇ.

"ಅಪ್ಪಾ, ಅವ್ರು ಅಮ್ಮನ್ನ ಮೋಸ್ತಾರಂತೆ."

ಮೋಸವೆಂದೇ ಕೇಳಿ ಅವರು ಗಕ್ಕನೆ ತಿರುಗಿದರು. ಆಮೇಲೆ ತಿಳಿಯಿತು, ತೆಲುಗು.

"ಹೊರ್ತಾರೆ ಅನ್ನು. ಬೇಡ ಅಂತ ಹೇಳು. ಹೆಗಲು ಕೊಡೋಕೆ ನಾವಿದೀವಿ."

ಹೆಂಗಸರು ಹೆಣ ಹೊರುವ ಪದ್ಧತಿ ಎಲ್ಲಿಯದು ಎಂದು ಸೂರ್ಯಕಾಂತಮ್ಮನೂ ದನಿಗೂಡಿಸಿದರು. ಗೋಪಾಲಕೃಷ್ಣರಿಗೆ ಪದ್ಧತಿಯ ಚಿಂತೆಯಿರಲಿಲ್ಲ. ಮೃಣಾಲಿನಿಯ ರಜೆಗಳೆಲ್ಲ ಈ ಹೆಂಗಸರ ಪಾಲಾಗಿದ್ದವು. ಈ ಒಂದು ದಿನವಾದರೂ ತಮಗಿರಲಿ ಅನ್ನುವುದೇ ಅವರ ಹಟ.

*

ವರುಣ್ ಇನ್ನೂ ಹೈಸ್ಕೂಲಿನಲ್ಲಿದ್ದ ಕಾಲ. ಒಂದು ಶನಿವಾರ ಯಾರಿಗೂ ಹೇಳದೆ ಗೋಪಾಲಕೃಷ್ಣ ವಿಜಯವಾಡದ ರೈಲು ಹತ್ತಿದ್ದರು. ಹೆಂಡತಿ ಅಲ್ಲಿ ಏನು ಮಾಡುತ್ತಾಳೆ, ಯಾರೊಡನೆ ನಗುತ್ತಾಳೆ ಎಂದು ಕಣ್ಣಾರೆ ನೋಡಬೇಕಿತ್ತು. ದೋಣಿಯಲ್ಲಿ ಕೃಷ್ಣೆ ದಾಟಿ ಭವಾನಿ ದ್ವೀಪದಲ್ಲಿಳಿದು, ಪ್ರವಾಸಿಗರ ಗುಂಪಿನಲ್ಲಿ ತಲೆ ಮರೆಸಿಕೊಂಡು ಒಂದು ಮರದ ಹಿಂದೆ ನಿಂತರು.

ಪುಟ್ಟ ಹುಡುಗಿಯೊಬ್ಬಳು ಮೂರು ಕಲ್ಲಿನ ಒಲೆಗೆ ಹಸಿಕಡ್ಡಿ ತುರುಕಿ ಊದುತ್ತಿದ್ದಳು. ಕಣ್ಣು ಮೂಗೆಲ್ಲ ನೀರು. ಕಲಿಯಲು ಬಂದ ಹೆಂಗಸರು ಸುತ್ತ ಕೂತಿದ್ದರು. ಒಬ್ಬಳಿಗೆ ತಡೆಯಲಾಗದೆ ಬೆಂಕಿಪೊಟ್ಟಣಕ್ಕೆ ಕೈ ಚಾಚಿದಳು. ಆಗಿನ್ನೂ ತೆಳ್ಳಗಿದ್ದ ಕನಕಲಕ್ಷ್ಮಿ ಅವಳು.

"ಆಗ್ಲಿ, ಆಗ್ಲಿ" ಅಂದಳು ಮೃಣಾಲಿನಿ. ಬಾಣಂತಿಯೊಡನೆ ಮಾತಾಡುವ ಮೆತ್ತನೆಯ ದನಿ.

ಚಾಚಿದ ಕೈ ಥಟ್ಟನೆ ಬೆನ್ನ ಹಿಂದೆ ಹೋಯಿತು. ಕನಕಲಕ್ಷ್ಮಿ ಪಕ್ಕದವಳಿಗೆ, ನಿಲ್ಲಬೇಕಂತೆ, ಮುಂದೆ ಹೋಗಬಾರದಂತೆ ಎಂದು ಮರದವರೆಗೂ ಕೇಳುವ ಹಾಗೆ ತೆಲುಗಿನಲ್ಲಿ ಹೇಳಿದಳು. ತೆಲುಗಿನಲ್ಲಿ ಆಗುವುದೆಂದರೆ ನಿಲ್ಲುವುದು. 'ಆಗಾಲಿ' ಎಂದರೆ ನಿಲ್ಲಬೇಕು. ತಾನಾಗಿ ಆಗಲಿ, ನಡೆಯಲಿ ಎಂದು ಇವಳು ಕನ್ನಡದಲ್ಲಿ ಅಂದದ್ದನ್ನು ಅವರು ನಿಲ್ಲಿ ಎಂಬ ಆಜ್ಞೆಯಾಗಿ ಕೇಳಿಸಿಕೊಂಡಿದ್ದರು. ಬ್ಯಾಂಕಿನ ಕೌಂಟರಿಗೆ ಬೇಕಾದಷ್ಟೇ ತೆಲುಗು ಬರುತ್ತಿದ್ದ ಮೃಣಾಲಿನಿ, ನನ್ನ ಮಾತು ಕಲಿತರಲ್ಲ ಎಂದು ಹಿಗ್ಗಿ ನಗುತ್ತಿದ್ದಳು. ಹೆಂಗಸರೆಲ್ಲ "ಆಗಾಲಿ, ಆಗಾಲಿ" ಎಂದು ರಾಗ ಎಳೆದರು.

ಗೋಪಾಲಕೃಷ್ಣ ಮರದ ಹಿಂದಿನಿಂದ ಬಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಅವಳನ್ನು ಮಾತಾಡಿಸದೆಯೇ ಮರುದೋಣಿಯಲ್ಲಿ ಹಿಂತಿರುಗಿದರು. ಈ ಹೆಂಗಸರ ಹತ್ತಿರ ಇರುವ ಮೃಣಾಲಿನಿ ತಪ್ಪು ಮೃಣಾಲಿನಿ, ಸರಿಯಾದವಳು ನನ್ನೊಬ್ಬನಿಗೇ ಗೊತ್ತು ಎಂಬ ಸುಖವನ್ನು ಬಾಯಲ್ಲಿಟ್ಟ ಬೆಲ್ಲದಂತೆ ಊರಿನವರೆಗೂ ಚೀಪಿಕೊಂಡು ಬಂದರು. ಆಮೇಲೂ ಯಾರಿಗೂ ಹೇಳಲಿಲ್ಲ, ಅವಳಿಗೂ.

*

ಎಂವಿಪಿ ಕಾಲೋನಿಯ ಆ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಚಟ್ಟ ಹಿಡಿಯುವಂತಿರಲಿಲ್ಲ. ಮೂರನೆಯ ಮಹಡಿಯಿಂದ ಮೆಟ್ಟಿಲಿಳಿಸಬೇಕು. ಬೆಂಕಿಯ ಮಡಕೆ ಹಿಡಿದು ವರುಣ್ ಮುಂದೆ ನಿಂತ. ಕಾಲ ಕಡೆ ಗೋಪಾಲಕೃಷ್ಣ ಮತ್ತು ಕೆಳಮನೆಯ ಜಗನ್ಮೋಹನ್, ತಲೆಯ ಕಡೆ ಕಾರ್ಖಾನೆಯ ಇಬ್ಬರು. ಬಿದಿರು ಹೆಗಲಿಗೇರಿದಾಗ ಕನಕಲಕ್ಷ್ಮಿ ಬಾಗಿಲಲ್ಲಿ ಅವರ ಎದುರಿಗೇ ಬಂದಳು. ಈ ಸಲ ವರುಣನನ್ನು ಮಧ್ಯೆ ಕರೆಯಲಿಲ್ಲ.

"ಸಾರ್, ಮೇಡಂ ಪ್ರತಿ ಕ್ಯಾಂಪಲ್ಲೂ ತಮ್ಮ ಹರಕು ತೆಲುಗಲ್ಲೇ ನಿಮ್ಮ ಈರುಳ್ಳಿ ಕತೆ ಹೇಳ್ತಿದ್ರು" ಎಂದಳು ತೆಲುಗಿನಲ್ಲಿ. "ನಿಮಗೆಲ್ಲ ಸುಮ್ಮನಿರಿ ಅಂತೀನಿ, ಮನೇಲಿ ಅವರ ಕೈಯಿಂದ ಚಾಕು ಕಿತ್ಕೋತೀನಿ, ಅವರ ಹತ್ರ ಮಾತ್ರ ನನ್ನ ಕೈ ಕೇಳಲ್ಲ ಅಂತ. ಹೇಳಿ ತಾವೇ ನಗ್ತಿದ್ರು."

ಗೋಪಾಲಕೃಷ್ಣರಿಗೆ ಮೊದಲು ಬಂದದ್ದು ಸಿಟ್ಟೇ. ತಮ್ಮ ಈರುಳ್ಳಿಯೂ ಇವರ ಪಾಲಾಯಿತಲ್ಲ! ಆದರೆ ಅವರ ಹತ್ರ ಮಾತ್ರ ಎಂಬ ಮಾತನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಅಂದುಕೊಂಡರು. ಅದನ್ನು ಮೃಣಾಲಿನಿ ಅಷ್ಟು ದೂರ ಹೋಗಿ, ಇಷ್ಟು ಜನರ ಮುಂದೆ ಹೇಳಿದ್ದಳು.

"ನಾವೂ ಹೆಗಲು ಕೊಡ್ತೀವಿ, ಸಾರ್. ನಾಲ್ಕು ಮೆಟ್ಟಿಲಾದ್ರೂ."

"ಆಗಲಿ" ಎಂದರು ಗೋಪಾಲಕೃಷ್ಣ.

ಹೆಂಗಸರು ಅಷ್ಟೂ ಜನ ಒಂದು ಹೆಜ್ಜೆ ಹಿಂದೆ ಸರಿದರು. ಕೈಗಳು ಬೆನ್ನ ಹಿಂದೆ ಹೋದವು. ನಿಲ್ಲಬೇಕಂತೆ ಎಂದು ವರುಣನೂ ತೆಲುಗಿನಲ್ಲಿ ಖಚಿತಪಡಿಸಿದ.

ತಿದ್ದಲು ಒಂದು ಉಸಿರು ಸಾಕಿತ್ತು. ಗೋಪಾಲಕೃಷ್ಣ ಬಾಯಿ ತೆರೆಯಲಿಲ್ಲ. ಒಪ್ಪಿಗೆ ಕೊಟ್ಟ ಹಾಗೂ ಆಯಿತು, ಅವಳು ತಮಗೇ ಉಳಿದ ಹಾಗೂ ಆಯಿತು. ಆ ಮಾತಿನ ಅರ್ಥ ಬಲ್ಲವರು ಅಲ್ಲಿ ಇಬ್ಬರೇ. ಒಬ್ಬಳು ಬಿದಿರಿನ ಮೇಲೆ ಮಲಗಿದ್ದಳು.

ಇಳಿಯತೊಡಗಿದರು. ಮೊದಲ ತಿರುವಿನಲ್ಲಿ ಚಟ್ಟ ವಾಲಿ ಭಾರವೆಲ್ಲ ಅವರ ಹೆಗಲಿಗೆ ಜಾರಿತು. ಮೇಲಿನಿಂದ ಬರಿಗಾಲುಗಳ ಸದ್ದು ಹಿಂಬಾಲಿಸುತ್ತಿತ್ತು. ಇವರು ನಿಂತರೆ ನಿಲ್ಲುತ್ತಿತ್ತು, ಇಳಿದರೆ ಇಳಿಯುತ್ತಿತ್ತು. ಎಷ್ಟು ಇಕ್ಕಟ್ಟಾದರೂ ಒಂದು ಮೆಟ್ಟಿಲು ಹತ್ತಿರವಾಗಲಿಲ್ಲ. ಹೇಳಿದ ಮಾತನ್ನು ಇಷ್ಟು ಚೆನ್ನಾಗಿ ಕೇಳುವ ಜನ ಅವಳಿಗೆ ಸಿಕ್ಕಿದ್ದರು.

ಎರಡನೆಯ ಮಹಡಿಯಲ್ಲಿ ಮೆಟ್ಟಿಲು ತಿರುಗುವ ಜಾಗದಲ್ಲಿ ಗೋಪಾಲಕೃಷ್ಣ ನಿಂತರು. "ಏನಾಯ್ತು ಸಾರ್?" ಎಂದು ಜಗನ್ಮೋಹನ್ ಕೇಳಿದ. ಅವರು ಕನಕಲಕ್ಷ್ಮಿಯನ್ನು ಕಣ್ಸನ್ನೆಯಿಂದ ಕರೆದರು. ಅವಳು ಬಂದಳು, ಆದರೂ ಕೈ ಮುಂದೆ ಮಾಡಲಿಲ್ಲ. ಅವರು ಅವಳ ಮಣಿಕಟ್ಟು ಹಿಡಿದೆಳೆದು ಬಿದಿರಿನ ಮೇಲಿಟ್ಟರು. ಅವಳ ಹೆಗಲು ಒಳಗೆ ಬಂದದ್ದು ಗೊತ್ತಾದ ಮೇಲೆ ತಮ್ಮ ಹೆಗಲನ್ನು ಈಚೆ ತೆಗೆದರು.

ಜಾಗ ಕಿರಿದು. ಗೋಡೆಗೆ ಬೆನ್ನು ಹಚ್ಚಿ, ಹೊಟ್ಟೆ ಒಳಗೆಳೆದುಕೊಂಡು ದಾರಿ ಬಿಟ್ಟರು. ಚಟ್ಟ ತಿರುಗುವಾಗ ಅರಿಸಿನ ಹಚ್ಚಿದ ಪಾದ ಅವರ ಅಂಗಿಗೆ ಒತ್ತಿ ಸರಿಯಿತು. ಹಿಂದೆಯೇ ಹಸಿರು ಸೀರೆ, ಬಳೆ ತುಂಬಿದ ಕೈ, ಕೊನೆಗೆ ಮುಖ, ಎಲ್ಲ ಗೇಣು ದೂರದಲ್ಲಿ ಹಾದು ಕೆಳಗಿಳಿದವು. ಬಿಳಿ ಅಂಗಿಯ ಎದೆಯ ಮೇಲೆ ಎರಡು ಹಳದಿ ಗೆರೆ, ಇನ್ನೂ ಹಸಿಯಾಗಿದ್ದವು.