ಬೇಡ ಎಂದರೂ ಬಿಡದ ಮನೆ

ಶನಿವಾರ ಬಂತೆಂದರೆ ಫೆನ್ನಾಳಿಗೆ ಉಸಿರಾಡಲು ಬಿಡುವಿರುತ್ತಿರಲಿಲ್ಲ. ಬೆಳಗಾಗುತ್ತಲೇ ದೊಡ್ಡ ಪಾತ್ರೆಯಲ್ಲಿ ಬೀನ್ಸ್ ಕಾಳು ಬೇಯಲು ಇಡಬೇಕು, ಗಂಡ ವೀಬೆ ನಾದಿಟ್ಟ ಬ್ರೆಡ್ಡಿನ ಹಿಟ್ಟನ್ನು ಒಲೆಗೆ ಹಾಕಬೇಕು, ಬಂದ ಅತಿಥಿಗಳ ಶೂಗಳನ್ನು ಹಿಂಬಾಗಿಲ ಬಳಿ ಸಾಲಾಗಿ ಜೋಡಿಸಬೇಕು, ಉಣ್ಣೆಯ ಹೊದಿಕೆಗಳನ್ನು ಕೊಡವಿ ಕೊಟ್ಟಿಗೆಗೆ ಒಯ್ಯಬೇಕು. ಕೊಟ್ಟಿಗೆ ಎಂಬುದು ಹೆಸರಿಗೆ ಮಾತ್ರ. ಅವಳ ಮಾವ ಬದುಕಿದ್ದಾಗಲೇ ದನಗಳನ್ನೆಲ್ಲ ಮಾರಿ, ನೆಲಕ್ಕೆ ಹಲಗೆ ಹೊಡೆಸಿ, ಸುತ್ತಲೂ ಹಾಸಿಗೆ ಹಾಸಿಸಿದ್ದರು. ಡ್ರೆಂಥೆ ಸೀಮೆಯ ಆ ಹಳೆಯ ರೈತಮನೆಗೆ ಊರವರು ಮೊದಲು ಹಾಲಿಗೆಂದು ಬರುತ್ತಿದ್ದರು. ಈಗ ದೂರದೂರದ ಪಟ್ಟಣಗಳಿಂದ, ಮನಸ್ಸಿನ ಗಾಯ ಹೊತ್ತವರು ಬರುತ್ತಿದ್ದರು.

ಅಲ್ಲಿನ ಮದ್ದು ನೆಲದಡಿ ಬೆಳೆಯುವ, ಮನಸ್ಸಿಗೆ ಅಮಲೇರಿಸುವ ಒಂದು ಜಾತಿಯ ಅಣಬೆಗಡ್ಡೆ. ಫೆನ್ನಾಳ ಅತ್ತೆ ರೂಲ್ಫಿನಾ ಅದನ್ನು ಶುಂಠಿ, ನಿಂಬೆರಸದೊಂದಿಗೆ ಬಿಸಿನೀರಿನಲ್ಲಿ ನೆನೆಸಿ, ಮಣ್ಣಿನ ಬಟ್ಟಲುಗಳಲ್ಲಿ ಕೊಡುತ್ತಿದ್ದರು. ಕುಡಿದವರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಸಂಜೆಯವರೆಗೆ ಮಲಗುವರು. ಹೂತಿಟ್ಟ ದುಃಖವೆಲ್ಲ ಆಗ ಮೇಲೆದ್ದು ಬರುತ್ತದೆ. ಅದರಿಂದ ಒಳ್ಳೆಯದಾದವರನ್ನು ಫೆನ್ನಾ ಕಣ್ಣಾರೆ ಕಂಡಿದ್ದಳು. ಹೆಂಡತಿ ಸತ್ತ ಮೇಲೆ ಮಾತೇ ಬಿಟ್ಟಿದ್ದ ಒಬ್ಬ ಹಡಗು ರಿಪೇರಿಯವನು ಸಂಜೆ ಇವಳ ಸೂಪು ಕುಡಿಯುತ್ತ, ಉಪ್ಪು ಕಡಮೆಯಾಗಿದೆ ಎಂದು ತಕರಾರು ತೆಗೆದಾಗ ಅವಳಿಗೆ ಖುಷಿಯಿಂದ ಕಣ್ಣು ತುಂಬಿತ್ತು. ಗಡ್ಡೆಯ ಮೇಲೆ ಈ ಕಥೆ ಹೇಳುವ ನನಗೂ ದೂರಿಲ್ಲ. ನನ್ನ ದೂರೆಲ್ಲ ಆ ಮನೆಯವರು ಅದರ ಜೊತೆ ಕಟ್ಟಿಕೊಂಡಿದ್ದ ಒಂದು ಪದ್ಧತಿಯ ಮೇಲೆ.

ಬಟ್ಟಲು ಕೈಗೆ ಬರುವ ಮುಂಚೆ ಪ್ರತಿಯೊಬ್ಬರೂ ಎದೆಯ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವಂತೆ ಒಂದು ಮಾತು ಕೊಡಬೇಕಿತ್ತು: "ನಾನು ಬೇಡ ಅಂದರೂ ಬಿಡಬೇಡಿ." ಮದ್ದು ಏರಿದಾಗ ಯಾರಿಗಾದರೂ ದಿಗಿಲಾಗಿ ಎದ್ದು ಹೋಗಲು ನೋಡಿದರೆ, ಮನೆಯವರು ಅವರನ್ನು ಹಾಸಿಗೆಗೆ ಒತ್ತಿ, ಮೈಭಾರ ಹಾಕಿ ಹಿಡಿದುಕೊಳ್ಳುವರು, ಒದ್ದಾಟ ನಿಲ್ಲುವವರೆಗೆ. ಅದಕ್ಕೆ ಅವರಿಟ್ಟ ಹೆಸರು ತೊಟ್ಟಿಲು. ಎಂಥ ಹೆಸರು ನೋಡಿ. ಮೆಕ್ಸಿಕೊ ದೇಶದ ಬೆಟ್ಟದ ಜನರಿಂದ ತಾವೇ ಹೋಗಿ ಕಲಿತು ತಂದ ವಿದ್ಯೆ ಇದು ಎಂದು ರೂಲ್ಫಿನಾ ಹೇಳುತ್ತಿದ್ದರು. ಕೊಟ್ಟಿಗೆಯ ಗೋಡೆಯ ಮೇಲೆ, ಅಲ್ಲಿ ಅವರಿಗೆ ಮದ್ದು ಕೊಟ್ಟ ಒಬ್ಬ ಮುದುಕಿಯ ಫೋಟೊ ಇತ್ತು. ಆಕೆ ಮಾತ್ರ ಯಾರನ್ನೂ ನೋಡದೆ ಬೇರೆಲ್ಲೋ ನೋಡುತ್ತಿದ್ದಳು.

ಕೊಟ್ಟಿಗೆಗೂ ಅಡುಗೆಮನೆಗೂ ನಡುವೆ ಒಂದೇ ಬಾಗಿಲು. ಮದುವೆಯಾಗಿ ಬಂದ ಹೊಸತರಲ್ಲಿ ಆಚೆಯಿಂದ "ಬೇಡ, ಬಿಡಿ" ಎಂಬ ಕೂಗು ಕೇಳಿದಾಗ ಫೆನ್ನಾಳ ಕೈಯ ಸೌಟು ನಿಂತುಬಿಡುತ್ತಿತ್ತು. ಅತ್ತೆ ಅವಳನ್ನು ಕೂರಿಸಿ ತಿಳಿಹೇಳಿದ್ದರು.

"ಅದು ಅವರ ದನಿ ಅಲ್ಲಮ್ಮ, ಅವರ ಭಯದ ದನಿ. ಹಲ್ಲು ಕೀಳಿಸೋವಾಗ ಮಗು ಅಳಲ್ವಾ? ಅಳುತ್ತೆ ಅಂತ ಡಾಕ್ಟ್ರು ಬಿಟ್ಬಿಡ್ತಾರಾ?"

ಅತ್ತೆ ಓದಿದವರು, ಹಿಂದೆ ಆಸ್ಪತ್ರೆಯಲ್ಲಿ ಮನೋವೈದ್ಯಕೀಯದ ಕೆಲಸ ಮಾಡಿದವರು. ಫೆನ್ನಾ ನಂಬಿದಳು. ಕೆಲವು ವರ್ಷ ಆ ಹೊತ್ತಿಗೆ ರೇಡಿಯೊ ಹಾಕಿಕೊಳ್ಳುತ್ತಿದ್ದಳು. ಬರಬರುತ್ತ ರೇಡಿಯೊ ಕೂಡ ಬೇಕಾಗಲಿಲ್ಲ.

ವಸಂತದ ಒಂದು ಶನಿವಾರ ಅತಿಥಿಗಳ ಸಾಲಿನಲ್ಲಿ ಫೆನ್ನಾಳ ತಂಗಿ ಮಾರಿಟ್ ಕೂತಿದ್ದಳು. ಚಿಕ್ಕ ಮಕ್ಕಳ ಶಾಲೆಯ ಟೀಚರು, ಮನೆಗೆ ನಗು ತರುತ್ತಿದ್ದ ಹುಡುಗಿ. ಮೂರು ವರ್ಷ ಸಂಸಾರ ಮಾಡಿದ ಗಂಡನನ್ನು ಬಿಟ್ಟು ಬಂದಿದ್ದಳು. ಆ ಮಹಾರಾಯ ಎಂದೂ ಹೊಡೆಯುತ್ತಿರಲಿಲ್ಲವಂತೆ. ಎರಡೂ ಕೈಯ ಮಣಿಕಟ್ಟು ಹಿಡಿದು ಗೋಡೆಗೊತ್ತಿ, ಇವಳು ಸುಮ್ಮನಾಗುವವರೆಗೆ ನಿಲ್ಲುತ್ತಿದ್ದನಂತೆ. ಅಂದಿನಿಂದ ಅವಳಿಗೆ ನಿದ್ದೆಯಿಲ್ಲ. ಇದನ್ನೆಲ್ಲ ಅವಳು ಅಕ್ಕನಿಗೂ ಹೇಳಿದ್ದಳು, ರೂಲ್ಫಿನಾರಿಗೂ ಹೇಳಿದ್ದಳು. ಎದೆಯ ಮೇಲೆ ಕೈಯಿಟ್ಟು ಮಾತು ಕೊಡುವಾಗ ಅಕ್ಕನ ಕಡೆ ತಿರುಗಿ, ಶಾಲೆಯ ಪ್ರಾರ್ಥನೆ ಹೇಳುವವಳಂತೆ ಮುಖ ಮಾಡಿ ನಗಿಸಿದಳು.

ಮಧ್ಯಾಹ್ನ ಫೆನ್ನಾ ಈರುಳ್ಳಿ ಹೆಚ್ಚುತ್ತಿದ್ದಾಗ ಆಚೆಯಿಂದ ಕೂಗು ಶುರುವಾಯಿತು. "ಬೇಡ. ಕೈ ಬಿಡಿ. ಕೈ ಬಿಡಿ ಅಂದೆ." ಅವಳು ಹೆಚ್ಚುತ್ತಲೇ ಇದ್ದಳು. ಹೆಚ್ಚಿದ್ದನ್ನು ಬೆಣ್ಣೆಗೆ ಹಾಕಿದಳು. ಚುಂಯ್ ಎಂದಿತು. ಕೂಗು ಏರಿತು, ಒಡೆಯಿತು, ಮತ್ತೆ ಏರಿತು. ಅವಳು ಉರಿ ಸಣ್ಣ ಮಾಡಿ ಸೌಟು ಆಡಿಸಿದಳು. ಆಮೇಲೆ ಆ ದನಿ ಕರೆಯಿತು:

"ಫೆನ್ನಾ!"

ಬಾಗಿಲು ತೆರೆದವಳು ಕಂಡದ್ದನ್ನು ಅವಳು ಸಾಯುವವರೆಗೆ ಮರೆಯಲಾರಳು. ದಾರಿಯಲ್ಲಿ ಬಸವನಹುಳು ಕಂಡರೆ ಎತ್ತಿ ಹುಲ್ಲಿಗೆ ಬಿಡುವ ಅವಳ ಗಂಡ ವೀಬೆ, ಮಾರಿಟ್‌ಳ ಮೇಲೆ ಅಡ್ಡವಾಗಿ ಮಲಗಿ ತನ್ನ ಭಾರವನ್ನೆಲ್ಲ ಹಾಕಿದ್ದ. ಅವನ ಕೆನ್ನೆಯ ಮೇಲೆ ಕಣ್ಣೀರು. ಅವಳ ಕಿವಿಯ ಹತ್ತಿರ ಬಾಯಿಟ್ಟು, ಬಹಳ ಮೆತ್ತಗೆ, "ಶರಣಾಗು, ಶರಣಾಗು" ಎನ್ನುತ್ತಿದ್ದ. ತಲೆಯ ಕಡೆ ಕೂತ ರೂಲ್ಫಿನಾ ಕಣ್ಣು ಮುಚ್ಚಿ ಏನೋ ಗುನುಗುತ್ತಿದ್ದರು. ಅವರ ಎರಡೂ ಕೈಗಳು ಹಿಡಿದದ್ದು ಮಾರಿಟ್‌ಳ ಮಣಿಕಟ್ಟುಗಳನ್ನೇ. ಸುತ್ತ ಉಳಿದ ಅತಿಥಿಗಳು ಕಣ್ಪಟ್ಟಿ ಕಟ್ಟಿಕೊಂಡು ಮಲಗಿದ್ದರು. ಅವರಲ್ಲೊಬ್ಬಳು ನಗುತ್ತಿದ್ದಳು.

ಅತ್ತೆ ಕಣ್ಣು ಬಿಡದೆ ಹೇಳಿದರು, "ಬಾಗಿಲು ಹಾಕು ಫೆನ್ನಾ, ಗಾಳಿ ಬರುತ್ತೆ."

ಫೆನ್ನಾ ಹೋದವಳೇ ಗಂಡನ ಕೊರಳಪಟ್ಟಿ ಹಿಡಿದು ಎಳೆದಳು. ಅವನು ಎಷ್ಟು ಕಕ್ಕಾಬಿಕ್ಕಿಯಾದನೆಂದರೆ, ತಪ್ಪಾಯಿತು ಎಂದು ಹೇಳಿ ಎದ್ದೇಬಿಟ್ಟ. ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಮಾರಿಟ್ ತೆವಳಿಕೊಂಡೇ ಅಡುಗೆಮನೆಗೆ ಬಂದು ಒಲೆಯ ಮೂಲೆಯಲ್ಲಿ ಮುದುಡಿ ಕೂತಳು. ಫೆನ್ನಾ ತಬ್ಬಿಕೊಳ್ಳಲು ಹೋಗಿ, ತಡೆದು, ಮುಟ್ಟಲಾ ಎಂದು ಕೇಳಿದಳು. ತಂಗಿ ಬೇಡವೆಂದು ತಲೆಯಲ್ಲಾಡಿಸಿದಳು. ಮದ್ದು ಇಳಿಯುವವರೆಗೆ ಫೆನ್ನಾ ಅಷ್ಟು ದೂರದಲ್ಲೇ ನೆಲದ ಮೇಲೆ ಕೂತಿದ್ದಳು. ಈರುಳ್ಳಿ ಸೀದು ಕರಕಲಾಯಿತು.

ಇದಕ್ಕಿಂತ ದೊಡ್ಡ ಆಘಾತ ಮರುದಿನ ಬೆಳಿಗ್ಗೆ ಕಾದಿತ್ತು. ಮಾರಿಟ್ ತಿಂಡಿಯ ಮೇಜಿಗೆ ಬಂದಳು. ಮುಖ ಹೊಳೆಯುತ್ತಿತ್ತು. ನೇರ ಹೋಗಿ ರೂಲ್ಫಿನಾರನ್ನು ತಬ್ಬಿಕೊಂಡಳು, ವೀಬೆಯ ಕೈ ಕುಲುಕಿ ಥ್ಯಾಂಕ್ಸ್ ಹೇಳಿದಳು. ಅವಳ ಎರಡೂ ಮಣಿಕಟ್ಟಿನ ಸುತ್ತ ಚರ್ಮ ನೀಲಿಗಟ್ಟಿತ್ತು.

"ನೀನು ಒಳಗೆ ಬರಬಾರದಿತ್ತು ಅಕ್ಕ. ಇನ್ನೇನು ಮುಗೀತಿತ್ತಂತೆ. ದಾಟಿಬಿಡ್ತಿದ್ದೆ."

ಮುಗೀತಿತ್ತಂತೆ. ಆ "ಅಂತೆ" ಯಾರದೆಂದು ಫೆನ್ನಾಳಿಗೆ ತಿಳಿಯಲು ತಡವಾಗಲಿಲ್ಲ. ಬೆಳಿಗ್ಗೆ ಅತ್ತೆ ಮಾರಿಟ್‌ಳ ಹಾಸಿಗೆಯ ಪಕ್ಕ ಕೂತು ಬಹಳ ಹೊತ್ತು ಮಾತಾಡಿ ಬಂದಿದ್ದರು. ಗಡ್ಡೆ ಕುಡಿದವರ ಮನಸ್ಸು ಒಂದೆರಡು ದಿನ ನಾದಿದ ಹಿಟ್ಟಿನಂತೆ ಮೆತ್ತಗಿರುತ್ತದೆ, ಒತ್ತಿದ ಬೆರಳಿನ ಗುರುತು ಉಳಿಯುತ್ತದೆ ಎಂದು ಫೆನ್ನಾಳಿಗೆ ಕಲಿಸಿದವರೇ ಅವರು. ಆ ಗುಣವೇ ಮದ್ದಿನ ಬಲ ಎಂದೂ ಹೇಳುತ್ತಿದ್ದರು. ಅದೇ ಗುಣವನ್ನು ಹೀಗೂ ಬಳಸಬಹುದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಅತಿಥಿಗಳೆಲ್ಲ ಹೊರಟುಹೋದ ಮೇಲೆ ಅವಳು ಅತ್ತೆಯೆದುರು ಕಾಫಿಯ ಮೇಜಿನಲ್ಲಿ ಕೂತಳು. ಕೊನೆಯವರೆಗೆ ಕೇಳುತ್ತೇನೆಂದು ಅತ್ತೆ ಮಾತು ಕೊಟ್ಟರು. ಆ ಸೀಮೆಯ ಪದ್ಧತಿಯಂತೆ ಕಾಫಿಗೆ ಒಂದೊಂದೇ ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳ ಹಾಕಿದರು. ವೀಬೆ ಕಿಟಕಿಯ ಹತ್ತಿರ ನಿಂತಿದ್ದ.

"ಅತ್ತೆ, ಆ ಬೆಟ್ಟದ ಅಜ್ಜಿ ನಿಮ್ಮನ್ನ ಹೀಗೆ ಹಿಡಿದಿದ್ದರಾ?" ಎಂದು ಫೆನ್ನಾ ಕೇಳಿದಳು.

ರೂಲ್ಫಿನಾ ಸುಳ್ಳು ಹೇಳುವ ಹೆಂಗಸಲ್ಲ. ಕೇಳದಿದ್ದರೆ ಹೇಳದಿರುವ ಹೆಂಗಸು. "ಇಲ್ಲ," ಎಂದರು. "ಆಕೆ ದೂರ ಕೂತು ಹಾಡ್ತಿದ್ದಳು. ನಮ್ಮ ಮನೆಯವರು ಯಾರಾದರೂ ಜೊತೇಲಿ ಇರಲೇಬೇಕು ಅಂತ ಹಟ ಹಿಡಿದಿದ್ದಳು. ಮುಟ್ಟಲಿಲ್ಲ."

"ಮತ್ತೆ ತೊಟ್ಟಿಲು ಯಾರದು?"

"ನಿನ್ನ ಮಾವಂದು. ಒಂದ್ಸಲ ಒಬ್ಬ ಹುಡುಗ ಹೆದರಿ ಗೋಡೆ ಹತ್ತೋಕೆ ಹೋದ. ಇವರು ಹಿಡಕೊಂಡ್ರು. ಆಮೇಲೆ ಅವನು ಮಗು ಥರ ನಿದ್ದೆ ಮಾಡಿದ." ಅತ್ತೆ ಸ್ವಲ್ಪ ತಡೆದು, ಒಂದು ಬಗೆಯ ಅಭಿಮಾನದಿಂದಲೇ ಹೇಳಿದರು, "ಬೆದರಿದ ಕಡಸುಗಳನ್ನ ಹಿಡಿದು ಅವರಿಗೆ ಅಭ್ಯಾಸ ಇತ್ತಲ್ಲ. ಭಾರ ಹಾಕಿದರೆ ತಾನಾಗಿ ತಣ್ಣಗಾಗುತ್ತೆ."

ಕಡಸು. ಇಷ್ಟು ವರ್ಷ ಆ ಮುದುಕಿಯ ಫೋಟೊಗೆ ಜನ ತಲೆಬಾಗಿ ಒಳಗೆ ಬಂದರು. ಅವರನ್ನು ಹಿಡಿದದ್ದು ದನದ ಡಾಕ್ಟರು ಸೂಜಿ ಚುಚ್ಚುವಾಗ ಕಡಸನ್ನು ಹಿಡಿಯುವ ಹಿಡಿತ. ಕೊಟ್ಟಿಗೆಯಿಂದ ದನಗಳು ಹೋದರೂ ಆ ಹಿಡಿತ ಮಾತ್ರ ಹೋಗಿರಲಿಲ್ಲ. ಮನೆಯವರು ತಾವು ಮಾಡಿದ್ದಕ್ಕೆ ಆ ಬಡ ಅಜ್ಜಿಯ ಮುಖ ಹಚ್ಚಿದ್ದು ಫೆನ್ನಾಳಿಗೆ ಕಳ್ಳತನದಂತೆ ಕಂಡಿತು, ನನಗೂ ಹಾಗೆಯೇ ಕಾಣುತ್ತದೆ.

ಅವಳು ಕೈ ಚಾಚಿ ಮೇಜಿನ ಮೇಲಿದ್ದ ಅತ್ತೆಯ ಮಣಿಕಟ್ಟು ಹಿಡಿದಳು. ಬಿಗಿಯಾಗಿಯೇ ಹಿಡಿದಳು.

"ಕೊನೇವರೆಗೂ ಕೇಳ್ತೀನಿ ಅಂತ ಮಾತು ಕೊಟ್ಟಿದ್ದೀರಿ."

"ಬಿಡು ಫೆನ್ನಾ."

ಫೆನ್ನಾ ತಕ್ಷಣ ಬಿಟ್ಟಳು. "ಒಂದೇ ಸಲ ಹೇಳಿದ್ರಿ, ಬಿಟ್ಟೆ. ಅಷ್ಟೇ ಅತ್ತೆ ನಾನು ಕೇಳೋದು."

ರೂಲ್ಫಿನಾ ಕೈ ನೀವಿಕೊಂಡರು. ಅವರ ದನಿಯಲ್ಲಿ ಕೋಪವಿರಲಿಲ್ಲ. "ನಾನು ಗಡ್ಡೆ ಕುಡಿದಿಲ್ಲವಲ್ಲ. ನನ್ನ ಬೇಡಕ್ಕೆ ಅರ್ಥ ಇದೆ."

ಕಿಟಕಿಯ ಬಳಿಯಿಂದ ವೀಬೆ, ಮಾರಿಟ್ ತಾನೇ ಥ್ಯಾಂಕ್ಸ್ ಹೇಳಿದ್ದಾಳಲ್ಲ, ಇನ್ನು ಇದನ್ನು ಎಳೆಯುವುದೇಕೆ ಎಂದ. ನೊಂದವಳೇ ನೋವಾಗಿಲ್ಲ ಎಂದರೆ ಅಕ್ಕ ಏನು ಹೇಳಿಯಾಳು? ಅವಳು ಗಂಡನ ಪಕ್ಕದಲ್ಲಿ ಮಲಗುವುದನ್ನು ಬಿಟ್ಟಳು. ಆದರೆ ಶನಿವಾರದ ಅಡುಗೆ ಬಿಡಲಿಲ್ಲ. ಹಿಂಬಾಗಿಲ ಬಳಿ ಶೂಗಳನ್ನು ಜೋಡಿಸುತ್ತಲೇ ಇದ್ದಳು, ಕೊಟ್ಟಿಗೆಯಿಂದ ಕೂಗು ಬಂದಾಗ ತೋಟಕ್ಕೆ ಹೋಗಿ ನಿಲ್ಲುತ್ತಿದ್ದಳು.

ಬೇಸಿಗೆ ಕಳೆಯುವ ಹೊತ್ತಿಗೆ ಮಾರಿಟ್‌ಳ ಮುಖದ ಹೊಳಪು ಇಳಿದಿತ್ತು. ಮತ್ತೊಮ್ಮೆ ಕುಡಿದು ದಾಟಿಬಿಡುತ್ತೇನೆ ಎನ್ನುತ್ತಿದ್ದವಳು ಫೋನ್ ಮಾಡುವುದನ್ನೇ ಬಿಟ್ಟಳು. ಶಾಲೆಯಲ್ಲಿ ಒಂದು ಮಗು ಹಿಂದಿನಿಂದ ಬಂದು ಕೈ ಹಿಡಿದಾಗ ಕಿಟಾರನೆ ಕಿರುಚಿ ಆ ಮಗುವನ್ನು ತಳ್ಳಿಬಿಟ್ಟಳಂತೆ. ಶಾಲೆಯವರು ರಜೆ ಕೊಟ್ಟು ಕಳಿಸಿದರು.

ಎಲೆ ಉದುರುವ ಕಾಲದ ಒಂದು ಶನಿವಾರ ಬೆಳಿಗ್ಗೆ ಅವಳೇ ಅಕ್ಕನ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಕೋಟು ತೆಗೆಯಲಿಲ್ಲ, ಕೂರಲಿಲ್ಲ. ಕೊಟ್ಟಿಗೆಯಲ್ಲಿ ಅತಿಥಿಗಳು ಒಬ್ಬೊಬ್ಬರಾಗಿ ಕೂರುತ್ತಿದ್ದರು.

"ಅಕ್ಕ, ಆವತ್ತು ನಾನು ತುಂಬಾ ಸಲ ಬೇಡ ಅಂದೆ, ಅಲ್ವಾ?"

"ತುಂಬಾ ಸಲ."

"ಮೊದಲಿಂದ್ಲೂ ನಿನಗೆ ಕೇಳಿಸ್ತಿತ್ತಾ?"

ಸುಳ್ಳು ಹೇಳಲು ಫೆನ್ನಾಳಿಗೆ ಬಾಯಿ ಬರಲಿಲ್ಲ. "ಕೇಳಿಸ್ತಿತ್ತು," ಎಂದಳು.

"ನಿನ್ನ ಹೆಸರು ಕರೆದ ಮೇಲೆ ಬಂದೆ." ಮಾರಿಟ್ ಅಕ್ಕನ ಮುಖವನ್ನೇ ನೋಡುತ್ತಿದ್ದಳು. ಅವಳ ಮಾತಿನಲ್ಲಿ ಜಗಳವಿರಲಿಲ್ಲ, ನಿಜವಾಗಿ ತಿಳಿಯಬೇಕಾಗಿತ್ತು. "ನಿನ್ನ ಹೆಸರು ಗೊತ್ತಿಲ್ಲದವರು ಯಾರನ್ನ ಕರೀಬೇಕು ಅಕ್ಕ?"

ಫೆನ್ನಾ ಒಲೆ ಆರಿಸಿದಳು. ಏಪ್ರನ್ ಬಿಚ್ಚಿ ಕುರ್ಚಿಯ ಮೇಲೆ ಹಾಕಿದಳು. ಬಾಗಿಲು ತೆರೆದು ಕೊಟ್ಟಿಗೆಯೊಳಗೆ ಹೋದಳು.

ಒಬ್ಬ ವಯಸ್ಸಾದ ಮನುಷ್ಯ ಎದೆಯ ಮೇಲೆ ಕೈಯಿಟ್ಟು, "ನಾನು ಬೇಡ ಅಂದರೂ" ಎಂದು ಆಗಷ್ಟೇ ಶುರುಮಾಡಿದ್ದ. ಬಟ್ಟಲುಗಳಿಂದ ಶುಂಠಿಯ ವಾಸನೆ ಬರುತ್ತಿತ್ತು. ರೂಲ್ಫಿನಾ ತಲೆಯೆತ್ತಿ, ಬಾಗಿಲು ಹಾಕುವಂತೆ ಸೊಸೆಗೆ ಕೈಸನ್ನೆ ಮಾಡಿದರು. ಫೆನ್ನಾ ಹಾಕಲಿಲ್ಲ.

"ನನ್ನ ಹೆಸರು ಫೆನ್ನಾ," ಎಂದಳು. "ಈ ಮನೇಲಿ ಅಡುಗೆ ಮಾಡೋಳು. ಇಲ್ಲಿ ಮಲಗಿದವರು ಬೇಡ ಬೇಡ ಅಂತ ಕೂಗಿದ್ದನ್ನ ಇಷ್ಟು ವರ್ಷ ಆ ಬಾಗಿಲ ಹಿಂದೆ ನಿಂತು ಕೇಳಿದೀನಿ. ಯಾರನ್ನೂ ಬಿಡಿಸಲಿಲ್ಲ. ನನ್ನ ತಂಗೀನ ಇವರು ಕೈ ಹಿಡಿದು ಒತ್ತಿದ್ರು, ಅವಳು ಇವತ್ತಿಗೂ ಸರಿಯಾಗಿಲ್ಲ. ಈ ಪದ್ಧತಿ ಯಾವ ಬೆಟ್ಟದ್ದೂ ಅಲ್ಲ, ದನ ಹಿಡಿಯೋ ಪದ್ಧತಿ. ಸೋಮವಾರ ನಾನು ಪೊಲೀಸರ ಹತ್ತಿರ ಹೋಗಿ ಇದನ್ನೆಲ್ಲ ಹೇಳ್ತೀನಿ. ಇವತ್ತು ನಿಮಗೆ ಹೇಳ್ತಿದೀನಿ. ದಯವಿಟ್ಟು ಆ ಮಾತು ಕೊಡಬೇಡಿ."

"ಫೆನ್ನಾ, ಸಾಕು," ಎಂದ ವೀಬೆ. ಅವಳು ಸಾಕುಮಾಡಿದಳು. ಹೇಳಬೇಕಾದದ್ದು ಮುಗಿದಿತ್ತು.

ಅತ್ತೆ ಮೆತ್ತಗೆ, ಎಲ್ಲರೂ ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದುಕೊಳ್ಳಿ ಎಂದರು. ಕೆಲವರು ಮುಚ್ಚಿದರು. ವಯಸ್ಸಾದ ಆ ಮನುಷ್ಯ ಮುಚ್ಚಲಿಲ್ಲ. ಗೋಡೆಯ ಮೇಲಿನ ಮುದುಕಿಯ ಫೋಟೊ ನೋಡಿದ, ತೆರೆದ ಬಾಗಿಲಲ್ಲಿ ಕೋಟು ಹಾಕಿಕೊಂಡೇ ನಿಂತಿದ್ದ ಮಾರಿಟ್‌ಳನ್ನು ನೋಡಿದ. ಎದೆಯ ಮೇಲಿನ ಕೈಯನ್ನು ನಿಧಾನವಾಗಿ ಕೆಳಗಿಳಿಸಿದ.

"ಫೆನ್ನಾ," ಎಂದು ಕರೆದ. "ನನ್ನ ಶೂ ಎಲ್ಲಿವೆ?"

ಅವಳಿಗೆ ಗೊತ್ತಿತ್ತು. ಬೆಳಿಗ್ಗೆ ಅವಳೇ ಜೋಡಿಸಿಟ್ಟಿದ್ದಳು. ಹೋಗಿ ತಂದುಕೊಟ್ಟಳು.