ಮಾವ ಸರಿಮಾಡಿದ ಗಿಟಾರು

ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತ ಬಂದ ಕೆಂಡ, ರೂಢಿಯಂತೆ ಗಿಟಾರಿನ ಎಂಟೂ ತಂತಿಗಳ ಮೇಲೆ ಹೆಬ್ಬೆರಳು ಎಳೆದ. ಬಂದ ಸದ್ದು ಅವನದಲ್ಲ. ಇನ್ನೊಮ್ಮೆ ಎಳೆದ. ಬೇರೆ ಯಾರದೋ ಮನೆಯ ಬಾಗಿಲು ತಟ್ಟಿದ ಹಾಗಾಯಿತು.

"ಅಕ್ಕಾ, ಇದನ್ನ ಯಾರು ಮುಟ್ಟಿದ್ದು?"

"ಬೆಳಿಗ್ಗೆ ನೀನು ಮಲಗಿದ್ದಾಗ ಮಾವ ಬಂದಿದ್ರು," ಎಂದಳು ಅಕ್ಕ ಅಡುಗೆಮನೆಯಿಂದ. "ನಲ್ಲಿ ಸೋರ್ತಿತ್ತಲ್ಲ, ವಾಷರ್ ಹಾಕಿ ಹೋದ್ರು. ಕಾಫಿ ಆರೋವರೆಗೆ ಅದನ್ನ ಇಟ್ಕೊಂಡು ಕೂತಿದ್ರು. ಕೆಟ್ಟು ಕೆರ ಹಿಡಿದಿತ್ತು, ಸರಿಮಾಡಿದ್ದೀನಿ ಅಂತ ಹೇಳು ಅಂದ್ರು."

ಮಾವ ಅಂದರೆ ಅವರ ಅಮ್ಮನ ತಮ್ಮ. ಪಿಯಾನೋಗಳಿಗೆ ಶ್ರುತಿ ಕೂಡಿಸುವುದು ಅವರ ಕಸುಬು, ಮೂವತ್ತೊಂದು ವರ್ಷದಿಂದ. ಫ್ರಿಜ್ಜು ಯಾವ ಸ್ವರದಲ್ಲಿ ಗುಂಯ್‌ಗುಡುತ್ತಿದೆ ಎಂದು ಹೇಳಬಲ್ಲರು. ಯಾರೂ ಕೇಳದಿದ್ದರೂ ಹೇಳುತ್ತಾರೆ. ಶ್ರುತಿ ತಪ್ಪಿದ ತಂತಿ ಇರುವ ಕೋಣೆಯಲ್ಲಿ ಕೂರಿಸಿದರೆ ಚಪ್ಪಲಿಯಲ್ಲಿ ಕಲ್ಲು ಸಿಕ್ಕಿಕೊಂಡವರ ಹಾಗೆ ಒದ್ದಾಡುತ್ತಾರೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಸೋದರಳಿಯನಿಗೆ ಆರು ತಂತಿಯ ಗಿಟಾರು ಕಲಿಸಿದವರೂ ಅವರೇ.

ಆದರೆ ಅವರು ಸರಿಮಾಡಿದ್ದು ಕೆಟ್ಟ ಶ್ರುತಿಯನ್ನಲ್ಲ.

ಎರಡು ವರ್ಷದ ಹಿಂದೆ ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಅಚ್ಚಿನ ಯಂತ್ರ ಕೆಂಡನ ಎಡಗೈಯ ಉಂಗುರಬೆರಳನ್ನೂ ಕಿರುಬೆರಳನ್ನೂ ಕಚ್ಚಿತ್ತು. ಹೊಲಿಗೆ ಹಾಕಿದರು. ಬೆರಳು ಉಳಿದವು, ಮಡಚುವುದು ನಿಂತಿತು. ಕಾರ್ಖಾನೆಯಲ್ಲಿ ಅವನಿಗೆ ಕೆಂಡ ಎಂಬ ಅಡ್ಡಹೆಸರು ಬಂದದ್ದು ಅದಕ್ಕೂ ಮೊದಲೇ, ಮುಟ್ಟಿದರೆ ಸುಡುತ್ತಾನೆ ಅಂತ. ಆಮೇಲೆ ಹೆಸರು ಇನ್ನೂ ಚೆನ್ನಾಗಿ ಒಪ್ಪಿತು.

ಎಂಟು ತಂತಿಯ ಈ ಗಿಟಾರನ್ನು ಅವನ ಸಂಗೀತದ ಗುಂಪು ಬಿಟ್ಟು ಹೋದ ಒಬ್ಬ ಬಿಸಾಕಿ ಹೋಗಿದ್ದ. ಕತ್ತು ಹಲಗೆಯಷ್ಟು ಅಗಲ, ಕೆಳಗಿನ ಎರಡು ತಂತಿ ಬಟ್ಟೆ ಒಣಹಾಕುವಷ್ಟು ದಪ್ಪ. "ಆರಕ್ಕೇ ಕೈ ಇಲ್ಲ, ಎಂಟು ಬೇಕಂತೆ," ಎಂದು ಗುಂಪಿನ ಡ್ರಮ್ಮಿನವನು ನಕ್ಕಿದ್ದ. ನಗಲಿ ಎಂದು ಕೆಂಡ ಅದನ್ನು ಮನೆಗೆ ತಂದು ಹನ್ನೊಂದು ವಾರ ಬಿರಡೆ ತಿರುಗಿಸಿದ. ಒಂದನ್ನು ಇಳಿಸಿ, ಇನ್ನೊಂದನ್ನು ಏರಿಸಿ, ಯಾವ ಬೆರಳನ್ನೂ ಎಲ್ಲೂ ಒತ್ತದೆ ಬರೀ ಮೀಟಿದರೇ ಎಂಟೂ ಒಂದೇ ಮಾತಾಡುವ ಹಾಗೆ ಕಟ್ಟಿದ. ಹಾಗೆ ಕಟ್ಟಿದರೆ ತೋರುಬೆರಳೊಂದನ್ನು ಅಡ್ಡ ಇಟ್ಟರೆ ಸಾಕು, ಇಡೀ ಸ್ವರಗುಚ್ಛ ಎದ್ದು ನಿಲ್ಲುತ್ತದೆ. ದಪ್ಪ ತಂತಿಗಳು ತಾವಾಗಿ ಕೆಳಗೆ ಗುಡುಗುತ್ತಿರುತ್ತವೆ. ನಡುಬೆರಳಿಗೆ ಮೇಲೆ ಓಡಾಡಲು ಪುರಸೊತ್ತು. ಯಾವ ತಂತಿ ಯಾವ ಸ್ವರ ಎಂದು ಅವನಿಗೆ ಗೊತ್ತಿರಲಿಲ್ಲ. ಬರೆದಿಡಲೂ ಇಲ್ಲ. ಕಟ್ಟಿದ ಮೇಲೆ ಬಿಚ್ಚುವವರು ಯಾರು ಎಂದುಕೊಂಡಿದ್ದ.

ಇವತ್ತು ಮೂರು ಗಂಟೆಗೆ ರೆಕಾರ್ಡಿಂಗ್. ಗುಂಪಿನಲ್ಲಿ ಮೂವರೇ: ಅವನು, ಡ್ರಮ್ಮಿನವನು, ಹಾಡುವವಳು. ಡ್ರಮ್ಮಿನವನು ನೇರವಾಗಿಯೇ ಹೇಳಿದ್ದ: "ಇವತ್ತು ಆಗ್ಲಿಲ್ಲ ಅಂದ್ರೆ ಸಂಗೀತಶಾಲೆಯ ಆ ಹುಡುಗನ್ನ ಕೂರಿಸ್ತೀವಿ. ಬೇಜಾರು ಮಾಡ್ಕೋಬೇಡ." ಬೇಜಾರು ಮಾಡಿಕೊಳ್ಳದೆ ಇರಲು ಕೆಂಡನಿಗೆ ಬರುತ್ತಿರಲಿಲ್ಲ.

ಫೋನಿನಲ್ಲಿ ಹಳೆಯ ಅಭ್ಯಾಸದ ತುಣುಕೊಂದಿತ್ತು. ಅದನ್ನು ಕಿವಿಗೆ ಒತ್ತಿ ಹಿಡಿದು ಸಣ್ಣ ತಂತಿಗಳನ್ನು ಹೇಗೋ ಕೂಡಿಸಿದ. ದಪ್ಪ ತಂತಿಗಳ ಸದ್ದು ಆ ಫೋನಿಗೆ ಸಿಕ್ಕೇ ಇರಲಿಲ್ಲ. ಸಾಸಿವೆಯಷ್ಟಿರುವ ಮೈಕು ಗುಡುಗನ್ನು ಹೇಗೆ ಹಿಡಿದೀತು? ನೆನಪಿನಿಂದ ತಿರುಗಿಸಿದ. ಮೆಲ್ಲಗೆ ಮೀಟಿದಾಗ ಸರಿ, ಬಾರಿಸಲು ಹೋದರೆ ಮೇಲಿನವುಗಳ ಜೊತೆ ಜಗಳ. ಒಂದು ಗಂಟೆ ಹೋಯಿತು.

"ಫೋನ್ ಮಾಡಿ ಕೇಳು," ಎಂದಳು ಅಕ್ಕ.

"ಕೆಲಸದಲ್ಲಿದ್ದಾಗ ಫೋನ್ ಎತ್ತಲ್ಲ ಅವ್ರು. ರಿಂಗಿನ ಶ್ರುತಿ ಸರಿಯಿಲ್ಲವಂತೆ."

"ಹಾಗಾದ್ರೆ ಹೋಗು, ಇವತ್ತು ಸಭಾಂಗಣದ ಪಿಯಾನೋ ಹತ್ರ ಇರ್ತಾರೆ. ಹೋಗಿ ಕೂಗಾಡ್ಬೇಡ. ನಲ್ಲಿ ಸರಿಯಾಗಿದೆ, ಅದು ನೆನಪಿರಲಿ."

ಬಸ್ಸಿನಲ್ಲಿ ಗಿಟಾರಿನ ಚೀಲವನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡು ಅವನು ಕೂಗಾಡಲು ಮಾತು ಜೋಡಿಸಿದ. ನಾಲ್ಕು ಸ್ಟಾಪಿನೊಳಗೆ ಒಳ್ಳೊಳ್ಳೆಯವೇ ಸಿಕ್ಕವು.

ಸಭಾಂಗಣದಲ್ಲಿ ಕುರ್ಚಿಗಳನ್ನು ಗೋಡೆಗೆ ಒಟ್ಟಿದ್ದರು. ನೆಲ ಇನ್ನೂ ಹಸಿ, ಫಿನಾಯಿಲಿನ ವಾಸನೆ. ವೇದಿಕೆಯ ಮೇಲೆ ಮುಚ್ಚಳ ತೆಗೆದ ಪಿಯಾನೋದೊಳಗೆ ಮಾವ ಅರ್ಧ ಇಳಿದಿದ್ದರು. ಪಕ್ಕದ ತಂತಿಗಳು ಮಿಡಿಯದಂತೆ ನಡುವೆ ಕೆಂಪು ಉಣ್ಣೆಪಟ್ಟಿ ತೂರಿಸಿ, ಒಂದು ಕೈಯಲ್ಲಿ ಕಪ್ಪುಬಿಳುಪು ಮನೆಗಳಲ್ಲೊಂದನ್ನು ಒತ್ತುತ್ತ, ಇನ್ನೊಂದು ಕೈಯಲ್ಲಿ ತಂತಿ ಬಿಗಿಯುವ ಕೀಲಿ ತಿರುಗಿಸುತ್ತಿದ್ದರು. ಅಳಿಯನನ್ನು ಕಂಡು ಒಂದು ಬೆರಳೆತ್ತಿದರು. ತಡಿ ಎಂದರ್ಥ. ಒಂದೇ ಸ್ವರ ನಲವತ್ತು ಸಲ ಕೇಳಿಬಂತು. ಜೋಡಿಸಿಕೊಂಡು ಬಂದಿದ್ದ ಬೈಗುಳ ಅಷ್ಟರಲ್ಲಿ ತಣ್ಣಗಾಯಿತು. ಒಬ್ಬ ಮನುಷ್ಯ ಅಷ್ಟು ಗಮನವಿಟ್ಟು ಕೆಲಸ ಮಾಡುವಾಗ ನಡುವೆ ಬಾಯಿ ಹಾಕುವುದು ಕೆಂಡನಿಗೂ ಆಗಲಿಲ್ಲ.

"ಬೆಳಿಗ್ಗೆ ಮಾಡಿದ್ದು ಹೇಗಿದೆ?" ಎಂದರು ಮಾವ ಕೊನೆಗೆ. ಶಭಾಷ್‌ಗಿರಿಗೆ ಕಾದ ಮುಖ.

"ಹಾಳಾಗಿದೆ."

"ಯಾವ ತಂತಿ ಇಳೀತು?"

"ಯಾವ್ದೂ ಇಳಿದಿಲ್ಲ ಮಾವ. ಮುಂಚೆ ಇದ್ದಿದ್ದು ನಾನೇ ಕಟ್ಟಿದ್ದು. ಬೇಕು ಅಂತ್ಲೇ."

ಮಾವ ಕೀಲಿಯನ್ನು ಬಟ್ಟೆಯ ಮೇಲೆ ಇಟ್ಟರು. "ಬೇಕು ಅಂತ್ಲೇ," ಎಂದರು, ಊಟದಲ್ಲಿ ಕೂದಲು ಸಿಕ್ಕವರ ದನಿಯಲ್ಲಿ.

ಕೆಂಡ ಎಡಗೈ ಚಾಚಿ ಮುಷ್ಟಿ ಮಾಡಲು ನೋಡಿದ. ಎರಡು ಬೆರಳು ನೆಟ್ಟಗೆ ನಿಂತವು.

"ಬರುತ್ತೆ ಅಂದಿದ್ರಲ್ಲ ಡಾಕ್ಟ್ರು."

"ಅಂದಿದ್ರು. ಬರ್ಲಿಲ್ಲ. ನೀವು ಕಲಿಸಿದ ಒಂದು ಹಿಡಿತಾನೂ ಇದಕ್ಕಾಗಲ್ಲ. ಹಾಗೆ ಕಟ್ಟಿದ್ರೆ ಒಂದು ಬೆರಳು ಸಾಕು."

"ನಂಗೆ ಯಾಕೋ ಹೇಳ್ಲಿಲ್ಲ?"

"ಹೇಳಿದ್ರೆ ಸರಿಮಾಡೋಕೆ ಬರ್ತಿದ್ರಿ."

ಮಾವ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದರು. ಅದು ಸ್ವಚ್ಛವಾಗಿಯೇ ಇತ್ತು.

"ಮೂರು ಗಂಟೆಗೆ ರೆಕಾರ್ಡಿಂಗ್ ಇದೆ," ಎಂದ ಕೆಂಡ. "ಇದಿಲ್ದೆ ಹೋದ್ರೆ ನನ್ನ ಜಾಗಕ್ಕೆ ಬೇರೆಯವನು ಬರ್ತಾನೆ. ನೀವು ಮುಟ್ಟೋ ಮುಂಚೆ ಹೇಗಿತ್ತು, ನೆನಪಿದ್ಯಾ?"

"ಮರೆಯೋಕಾಗುತ್ತಾ? ಹಲ್ಲು ಜುಮ್ ಅಂದಿತ್ತು. ತೆಗಿ ಅದನ್ನ."

ಮಾವ ಪಿಯಾನೋದ ಮನೆಗಳನ್ನು ಒಂದೊಂದಾಗಿ ಒತ್ತಿದರು, ಕೆಂಡ ಬಿರಡೆ ತಿರುಗಿಸಿದ. ಮೊದಲನೆಯದು, ಎರಡನೆಯದು ಇದ್ದ ಹಾಗೇ. ಮೂರನೆಯದು ಅರ್ಧ ಸ್ವರ ಕೆಳಗೆ. ನಾಲ್ಕು, ಐದು ಒಂದೊಂದು ಸ್ವರ ಮೇಲೆ. ಆರನೆಯದು ನೆಟ್ಟಗಿತ್ತು, "ಅದೊಂದಕ್ಕೆ ಮರ್ಯಾದೆ ಇತ್ತು." ಏಳನೆಯದು ಒಂದು ಸ್ವರ ಕೆಳಗೆ. ಎಂಟಕ್ಕೆ ಬಂದಾಗ ಮಾವ ತಡೆದರು.

"ಇದು ಒಂದು ಸ್ವರ ಕೆಳಗಿತ್ತು, ಅದರ ಮೇಲೆ ಕೂದಲೆಳೆಯಷ್ಟು ಇನ್ನೂ ಕೆಳಗೆ. ಬಿರಡೆ ಜಾರಿರ್ಬೇಕು. ಆ ಕೂದಲೆಳೆ ಬಿಟ್ಬಿಡು."

ಕೆಂಡ ಪಿಯಾನೋಗೆ ಸರಿಯಾಗಿ ಕೂಡಿಸಿ ಬಾರಿಸಿದ. ಬೆಳಗಿನ ಅದೇ ಜಗಳ. ಮೆಲ್ಲಗೆ ಮೀಟಿದ. ಜಗಳವಿಲ್ಲ. ಆಗ ಅವನಿಗೆ ಹೊಳೆಯಿತು. ಹನ್ನೊಂದು ವಾರವೂ ಅವನು ಈ ತಂತಿಯನ್ನು ಹೊಡೆದೇ ನೋಡುತ್ತಿದ್ದ, ಬಾರಿಸುವಷ್ಟೇ ಜೋರಾಗಿ. ಇವತ್ತು ಹೆದರಿಕೆಗೆ ಕೈ ಮೆತ್ತಗಾಗಿ, ಕಿಟಕಿ ತಟ್ಟುವ ಹಾಗೆ ಮೀಟಿದ್ದ.

"ಜಾರಿಲ್ಲ ಮಾವ. ಇದು ಸಡಿಲ ತಂತಿ. ಜೋರಾಗಿ ಹೊಡೆದ್ರೆ ಶ್ರುತಿ ಮೇಲಕ್ಕೆ ಹಾರುತ್ತೆ. ಅದಕ್ಕೇ ಕೆಳಗೆ ಬಿಟ್ಟಿದ್ದು." ಬಿರಡೆಯನ್ನು ತುಸುವೇ ಸಡಿಲಿಸಿ ಹೊಡೆದ. ಎಂಟೂ ಒಂದೇ ಮಾತಾಡಿದವು. ಒಟ್ಟಿದ ಕುರ್ಚಿಗಳಲ್ಲಿ ಎಲ್ಲೋ ಒಂದು ಸ್ಕ್ರೂ ಗಿರ್ ಅಂದಿತು.

ಮಾವ ಪಿಯಾನೋದ ತೀರಾ ಎಡಗಡೆಯ ಮನೆಯೊಂದನ್ನು ಒತ್ತಿ ಹಿಡಿದರು.

"ಇದನ್ನೂ ಕೆಳಗೇ ಬಿಡ್ತೀವಿ. ಲೆಕ್ಕದ ಪ್ರಕಾರ ತಪ್ಪು, ಕಿವಿಗೆ ಸರಿ. ನಂಗೆ ಇದು ಗೊತ್ತಾಗೋಕೆ ಆರು ವರ್ಷ ಹಿಡೀತು. ನಿಂಗೆ ಯಾರು ಹೇಳಿದ್ದು?"

"ಯಾರೂ ಇಲ್ಲ."

"ಇನ್ನೊಂದ್ಸಲ ಹೊಡಿ."

ಹೊಡೆದ. ಮಾವನ ಮುಖ ಹಿಂಡಿಕೊಳ್ಳಲಿಲ್ಲ. ಕೀಲಿ ಎತ್ತಿಕೊಳ್ಳುತ್ತ, "ಮನೇಲಿ ಅದನ್ನ ಬೀರುವಿನಲ್ಲಿ ಇಡು," ಎಂದರು. "ಬೀಗ ಹಾಕು. ನನ್ನ ಕೈ ನನ್ನ ಮಾತು ಕೇಳಲ್ಲ."

ಸ್ಟುಡಿಯೋಗೆ ಐದು ನಿಮಿಷ ತಡವಾಗಿ ಹೋದ. ಡ್ರಮ್ಮಿನವನು ಗೋಡೆಯ ಗಡಿಯಾರ ನೋಡಿದ. ಗಾಜಿನ ಆಚೆ ಕೂತಿದ್ದ ಧ್ವನಿಯವನು ಶ್ರುತಿಯ ಮೀಟರು ಹಚ್ಚಿ ಒಂದೊಂದೇ ತಂತಿ ಕೇಳಿಸಿಕೊಂಡ.

"ಎಂಟನೇದು ತಗ್ಗಿದೆ. ಸರಿಮಾಡ್ಕೊಳ್ಳಿ."

"ಅದು ಹಾಗೇ."

"ಮುಳ್ಳು ಎಡಕ್ಕಿದೆ ರೀ. ಆಮೇಲೆ ನನ್ನ ಅನ್ಬೇಡಿ."

ಕೆಂಡ ಬಾಯಿಗೆ ಬಂದದ್ದನ್ನು ನುಂಗಿ, ತಂತಿಯನ್ನು ಬಾರಿಸುವಷ್ಟೇ ಜೋರಾಗಿ ಹೊಡೆದ. ಗಾಜಿನ ಆಚೆ ಆ ಮನುಷ್ಯ ಮೀಟರಿಗೆ ಬಗ್ಗಿದ, ಕತ್ತೆತ್ತಿ ಡ್ರಮ್ಮಿನವನ ಕಡೆ ನೋಡಿದ.

"ಏನಂತೆ?" ಎಂದ ಡ್ರಮ್ಮಿನವನು.

"ಮಧ್ಯಕ್ಕೆ ಬಂತು."

"ಹಾಗಿದ್ರೆ ಶುರು ಮಾಡಿ," ಎಂದು ಡ್ರಮ್ಮಿನವನು ಕೋಲೆತ್ತಿ ನಾಲ್ಕು ಎಣಿಸಿದ.