ಲಕೋಟೆಯೊಳಗಿನ ಒಂದು ಪದ

ಕುಲಗೋಡದ ಪ್ರೌಢಶಾಲೆಯಲ್ಲಿ ಆಮ್ರಪಾಲಿ ಇಂಗ್ಲಿಷ್ ಕಲಿಸುವ ಅತಿಥಿ ಶಿಕ್ಷಕಿ. ಜೂನ್ ತಿಂಗಳ ಆ ಗುರುವಾರ, ಮೊದಲ ಪಿರಿಯಡ್ಡಿನಲ್ಲಿ, ಒಂದೇ ಅರ್ಥದಂತೆ ಕಾಣುವ ಗುಣವಾಚಕಗಳನ್ನು ಬೋರ್ಡಿನ ಮೇಲೆ ಜೋಡಿಯಾಗಿ ಬರೆಯುತ್ತಿದ್ದಳು.

“ಸ್ಲಿಮ್ ಅಂದ್ರ ಹೊಗಳಿದಂಗ, ಸ್ಕಿನ್ನಿ ಅಂದ್ರ ಆಡಿಕೊಂಡಂಗ. ಹಂಗ, ಕ್ಲೆವರ್ ಅಂದ್ರ ಶಾಣ್ಯಾ. ಕನಿಂಗ್ ಅಂದ್ರ ಕಪಟಿ…”

ಅಷ್ಟಕ್ಕೇ ಮಾತು ನಿಂತುಹೋಯಿತು.

ಎರಡು ದಿನದ ಹಿಂದೆ ಸತ್ತೆವ್ವಳಿಗೆ ಇಂಗ್ಲಿಷಿನಲ್ಲಿ ಶಿಫಾರಸು ಪತ್ರವೊಂದನ್ನು ಫೋನಿನಲ್ಲಿ ಬರೆದು, ಪ್ರಿಂಟ್ ತೆಗೆಸಿ, ಲಕೋಟೆಯಲ್ಲಿ ಅಂಟಿಸಿ ಕೊಟ್ಟಿದ್ದಳು. ಕುರಿ ಕಾಯುವ ಪರಸಪ್ಪನ ಮಗಳು. ಇದೇ ಸಾಲಿಯಿಂದ ಹತ್ತನೇ ತರಗತಿ ಪಾಸಾದವಳು. ಹುಕ್ಕೇರಿಯ ಒಂದು ವಸತಿ ಕಾಲೇಜಿನಲ್ಲಿ ಉಚಿತ ಸೀಟಿಗೆ ಇವತ್ತೇ ಸಂದರ್ಶನ. ಪತ್ರದಲ್ಲಿ ಕ್ಲೆವರ್ ಎಂಬ ಪದ ಎರಡು ಸಲ ಬಂದಿದ್ದರಿಂದ, ಫೋನು ತೋರಿಸಿದ ಬದಲಿ ಪದವೊಂದನ್ನು ಒತ್ತಿಬಿಟ್ಟಿದ್ದಳು. ಫೋನ್ ತೆಗೆದು ನೋಡಿದಳು. ಖರೆ. ‘ಕನಿಂಗ್’ ಅಂತಲೇ ಇತ್ತು.

ಪರಸಪ್ಪನ ಮೊಬೈಲು ಬಂದ್ ಆಗಿತ್ತು. ಹೆಡ್‌ಮಾಸ್ತರರಿಗೆ ರಜೆ ಚೀಟಿ ಕೊಟ್ಟು ಬಸ್ಸು ಹಿಡಿದಳು. ಗೋಕಾಕದವರೆಗೆ ಸೀಟು ಸಿಕ್ಕರೂ ಕೂರಲಾಗಲಿಲ್ಲ. ಅಲ್ಲಿ ಹುಕ್ಕೇರಿ ಬಸ್ಸು ಇನ್ನೂ ಹೊರಟಿರಲಿಲ್ಲ. ಡ್ರೈವರ್ ಚಹಾ ಕುಡಿಯುತ್ತಿದ್ದ. ಒಮ್ಮೆ ಹತ್ತಿ, ಇಳಿದು, ಮತ್ತೆ ಹತ್ತಿದಳು.

ಕಾಲೇಜು ಮುಟ್ಟಿದಾಗ ಒಂದೂವರೆ. ಬೇವಿನ ಮರದ ಕೆಳಗೆ ಪರಸಪ್ಪ ನಿಂತಿದ್ದ. ಬಾಜೂದಲ್ಲಿ ಸತ್ತೆವ್ವ, ಕಣ್ಣು ಕೆಂಪಗೆ.

“ನೀವ್ಯಾಕ ಬಂದ್ರಿ, ಟೀಚರ?” ಎಂದ ಪರಸಪ್ಪ. “ಒಳಗ ಏನೋ ಅಂದಾರ, ಹೇಳವಲ್ಲಳು ನೋಡ್ರಿ.”

ಸತ್ತೆವ್ವ ತಲೆಯೆತ್ತದೆ ಕೇಳಿದಳು: “ಟೀಚರ, ನಾ ನಿಮಗ ಏನ್ ಕಪಟ ಮಾಡೇನ್ರಿ?”

ಆಮ್ರಪಾಲಿ ಅವಳ ಭುಜ ಹಿಡಿದಳು. “ಮತ್ತ ನೀ ಏನಂದಿ ಅವರಿಗೆ?”

“ಟೀಚರ ಬರದಾರಂದ್ರ ಖರೇನ ಇರಬೇಕು ಅಂದೆ.”

ಅನುಮತಿಗೂ ಕಾಯದೆ ಆಮ್ರಪಾಲಿ ಕೋಣೆಯೊಳಗೆ ನಡೆದಳು. ಮೇಜಿನ ಹಿಂದೆ ಮೂವರಿದ್ದರು. ನಡುವೆ ಪ್ರಿನ್ಸಿಪಾಲ್ ಮೇಡಂ.

“ಪತ್ರ ಬರದಾಕಿ ನಾನ್ರಿ. ಶಾಣ್ಯಾ ಅನ್ನೂಕಡೆ ಕಪಟಿ ಅಂತ ಬರದೇನಿ. ತಪ್ಪು ನಂದು, ಆ ಹುಡುಗಿದಲ್ಲ.”

“ನೀವು ಕಲಿಸೂದು ಇಂಗ್ಲಿಷ್ ಹೌದಲ್ರಿ?” ಎಂದರು ಮೇಡಂ.

“ಹೌದ್ರಿ.”

ಮೂವರಲ್ಲಿ ಒಬ್ಬರು ನಕ್ಕರು. ಅವಳ ಕಿವಿ ಬಿಸಿಯಾದವು. ಮೇಡಂ ಮಾತ್ರ ನಗದೆ ಒಂದು ಬಿಳಿ ಹಾಳೆ ಮುಂದಿಟ್ಟರು. “ಬರೀರಿ. ಈಗ ಫೋನ್ ಬ್ಯಾಡ.”

ಪೆನ್ನು ಹಿಡಿದು ಕುಳಿತಳು. ಕ್ಲೆವರ್, ಬ್ರೈಟ್, ಸ್ಮಾರ್ಟ್: ಯಾವುದನ್ನೂ ನಂಬಲಾಗಲಿಲ್ಲ. ಕೊನೆಗೆ ಸತ್ತೆವ್ವ ಮಾಡಿದ್ದನ್ನಷ್ಟೇ ಬರೆದಳು: ಕುರಿ ಮೇಯಿಸುತ್ತ ಪಾಠ ಓದುತ್ತಿದ್ದುದು, ಹಿಂದುಳಿದ ಇಬ್ಬರು ಗೆಳತಿಯರಿಗೆ ಗಣಿತ ಹೇಳಿಕೊಟ್ಟು ಪಾಸು ಮಾಡಿಸಿದ್ದು.

ಮೇಡಂ ಓದಿ, ಸತ್ತೆವ್ವಳನ್ನು ಮತ್ತೆ ಕರೆಸಿದರು. ಹೊರಗೆ ಆಮ್ರಪಾಲಿ ಆ ಗೋಡೆಯಿಂದ ಈ ಗೋಡೆಗೆ ತಿರುಗಾಡಿದಳು.

ಸೀಟು ಸಿಕ್ಕಿದ್ದು ಎರಡನೇ ಪಟ್ಟಿಯಲ್ಲಿ, ಹನ್ನೊಂದು ದಿನ ಕಳೆದ ಮೇಲೆ. ಪೆಟ್ಟಿಗೆ ಹೊತ್ತು ಹೊರಡುವ ಮುನ್ನ ಸತ್ತೆವ್ವ ಸಾಲಿಗೆ ಬಂದು ಕಾಲಿಗೆ ಬಿದ್ದಳು.

“ನನ್ನ ಮ್ಯಾಲೆ ಸಿಟ್ಟಿಲ್ಲಲ್ಲ?” ಎಂದು ಆಮ್ರಪಾಲಿ ಕೇಳಿದಳು.

“ಅವತ್ತ ಬಾಳ ಬಂದಿತ್ರಿ,” ಎಂದಳು ಸತ್ತೆವ್ವ. “ನೀವು ಒಳಗ ಹೋದ್ರಲ್ಲ, ಆಗ ಇಳೀತ್ರಿ.”